ಯಾರೂ ತುಳಿಯದ ಮೂಲೆ

೧೬ ಡಿಸೆಂಬರ್ ೧೯೮೩, ಶುಕ್ರವಾರ. ಕ್ಯಾಲನೂರು

ಧನುರ್ಮಾಸ ಶುರು. ಬೆಳಿಗ್ಗೆ ಅಮ್ಮ ಬಾಗಿಲ ಮುಂದೆ ರಂಗೋಲಿ ಹಾಕಿ, ನಡುವೆ ಸಗಣಿ ಉಂಡೆಗಳನ್ನಿಟ್ಟು, ಒಂದೊಂದರ ನೆತ್ತಿಗೂ ಕುಂಬಳದ ಹೂ ಸಿಕ್ಕಿಸಿದಳು. ಇವಕ್ಕೆ ಗೊಬ್ಬೆಮ್ಮ ಅನ್ನುತ್ತಾರೆ. ಅಮ್ಮನ ತವರು ಶ್ರೀನಿವಾಸಪುರದ ಆಚೆ; ಪದ್ಧತಿ ಅಲ್ಲಿಂದ ಅವಳ ಜೊತೆಯಲ್ಲೇ ಬಂದದ್ದು. ನನ್ನ ಕೋಣೆಯ ಕಿಟಕಿಯಿಂದ ಎಲ್ಲ ಕಾಣುತ್ತದೆ. ಕಾಣದಿದ್ದರೆ ಚೆನ್ನಾಗಿತ್ತು.

ಇದು ಬಾಣಂತಿ ಕೋಣೆ. ಬಾಣಂತಿ ಇದ್ದಾಳೆ, ಮಗು ಇಲ್ಲ. ಎಂಟನೇ ತಿಂಗಳಲ್ಲಿ ಹುಟ್ಟಿತು, ಹುಟ್ಟುವ ಮೊದಲೇ ಸತ್ತಿತ್ತು. ಹೆಣ್ಣು ಅಂತ ಹೇಳಿದರು. ಮುಖ ನೋಡಬೇಡ ಅಂದರು, ನೋಡಲಿಲ್ಲ. ಎದೆ ಹಾಲಿಗೆ ಇದೆಲ್ಲ ಗೊತ್ತಿಲ್ಲ, ಬರುತ್ತಲೇ ಇದೆ. ಅಮ್ಮ ಬಟ್ಟೆ ಬಿಗಿದು ಕಟ್ಟಿದ್ದಾಳೆ.

ಬೇರೆ ಏನೂ ಇಲ್ಲ.

೧೮ ಡಿಸೆಂಬರ್, ಭಾನುವಾರ

ಮುಳಬಾಗಿಲಿನಿಂದ ಇವರು ಬಂದಿದ್ದರು. ಕಿತ್ತಳೆ ಹಣ್ಣು ತಂದರು, ಸುಲಿದರು, ಕೊನೆಗೆ ತಾವೇ ತಿಂದರು. ಹೊರಡುವಾಗ "ಯಾವಾಗ ಬರ್ತೀಯ ಅನಸೂಯಾ?" ಅಂದರು. ಗೋಡೆ ಕಡೆ ತಿರುಗಿಕೊಂಡೆ. ಆ ಮನೆಯ ನಡುಮನೆ ತೊಲೆಗೆ ಇವರೇ ಏಣಿ ಹತ್ತಿ ತೊಟ್ಟಿಲ ಕೊಂಡಿ ಹೊಡೆದಿದ್ದಾರೆ. ಅದರ ಕೆಳಗೆ ದಿನವೂ ನಾನು ಹೇಗೆ ಓಡಾಡಲಿ?

ಮುಳಬಾಗಿಲಿನ ಹೈಸ್ಕೂಲಿನಲ್ಲಿ ನನ್ನ ವಿಜ್ಞಾನದ ಪಾಠಗಳನ್ನು ಗಣಿತದ ಮೇಷ್ಟ್ರು ಮಾಡುತ್ತಿದ್ದಾರಂತೆ. ಮಾಡಲಿ.

೨೧ ಡಿಸೆಂಬರ್, ಬುಧವಾರ

ಜಡಿಮಳೆ ಬಿಟ್ಟಿಲ್ಲ. ಅಮ್ಮನಿಗೆ ಗೊಬ್ಬೆಮ್ಮಗಳದೇ ಚಿಂತೆ. ಬೆಳಿಗ್ಗೆ ಪೂಜೆಗೆ ಇಟ್ಟವನ್ನು ಮಧ್ಯಾಹ್ನ ಗೋಡೆಗೆ ತಟ್ಟಿ ಬೆರಣಿ ಮಾಡಿ ಒಣಗಿಸಬೇಕು. ರಥಸಪ್ತಮಿಯ ದಿನ ಆ ಬೆರಣಿಯ ಉರಿಯಲ್ಲೇ ಹಾಲು ಉಕ್ಕಿಸಿ ಪೊಂಗಲು ಮಾಡಬೇಕು. ಗೋಡೆ ಪೂರ್ತಿ ನೆಂದಿದೆ. ಅದಕ್ಕೇ ಉಂಡೆಗಳನ್ನು ಇದ್ದ ಹಾಗೇ ಹುಳದ ಮನೆಗೆ ಸಾಗಿಸಿ ಬಿದಿರು ತಟ್ಟೆಗಳಲ್ಲಿ ಜೋಡಿಸುತ್ತಿದ್ದಾಳೆ. ಹುಳದ ಮನೆ ಖಾಲಿ. ರೇಷ್ಮೆ ಹುಳಕ್ಕೆ ಹಾಕಲು ಸೊಪ್ಪೇ ಇಲ್ಲದ ಮೇಲೆ ಹುಳ ಎಲ್ಲಿ ಸಾಕುವುದು? ಮಳೆಗೆ ಕರಗಿ ಕೆಟ್ಟುಹೋದ ಗೊಬ್ಬೆಮ್ಮಗಳನ್ನು ತಿಪ್ಪೆಗೆ ಎಸೆಯುವಂತಿಲ್ಲ, ಯಾರ ಕಾಲಿಗೂ ಸಿಗಬಾರದು. ಅವನ್ನು ಮೊರದಲ್ಲಿ ಹೊತ್ತುಕೊಂಡು ಅಮ್ಮ ಮಳೆಯಲ್ಲೇ ತೋಟದ ಕಡೆ ಹೋದಳು.

ಊಟಕ್ಕೆ ಕೂತಾಗ ಅಣ್ಣ ಚನ್ನರಾಯಪ್ಪ ಮಾತು ತೆಗೆದ. ಹಿಪ್ಪುನೇರಳೆ ತೋಟಕ್ಕೆ ಬೇರು ಕೊಳೆ ಹಿಡಿದು ವರ್ಷವಾಯಿತು. ಅಂಗಡಿಯವನು ಹೇಳಿದನೆಂದು ಮೈಲುತುತ್ತ ಸುರಿದದ್ದೂ ಆಯಿತು. ಸಾಲು ಸಾಲಾಗಿ ಒಣಗುತ್ತಿದೆ.

"ಸಂಕ್ರಾಂತಿ ಕಳೀಲಿ, ಟ್ರ್ಯಾಕ್ಟರ್ ಬಿಟ್ಟು ಎಲ್ಲಾ ಕೀಳಿಸ್ತೀನಿ. ನೀಲಗಿರಿ ಇಡೋಣ. ನೀರೂ ಬೇಡ, ನೋಡೋರೂ ಬೇಡ."

 ನಾಯನ, ಅಂದರೆ ನಮ್ಮಪ್ಪ, ಬದುಕಿದ್ದಾಗ ಅಮ್ಮನ ಜೊತೆ ಸೇರಿ ಕಡ್ಡಿ ನೆಟ್ಟು ಎಬ್ಬಿಸಿದ ತೋಟ ಅದು. ನನಗೆ ಏನೂ ಅನ್ನಿಸಲಿಲ್ಲ. ಈಚೆಗೆ ಯಾವುದಕ್ಕೂ ಏನೂ ಅನ್ನಿಸುವುದಿಲ್ಲ.

೨೪ ಡಿಸೆಂಬರ್, ಶನಿವಾರ

ಇವತ್ತು ಕೇಳಿಯೇ ಬಿಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಅವಳನ್ನ ಎಲ್ಲಿ ಇಟ್ರಿ?"

ಅಮ್ಮನ ಕೈ ನಿಂತಿತು. "ತೋಟದ ಈಶಾನ್ಯ ಮೂಲೇಲಿ ಕಣೇ. ಬಾವಿ ಪಕ್ಕ. ಅಲ್ಲಿ ಯಾರೂ ತುಳಿಯಲ್ಲ."

ಅಂದರೆ ಟ್ರ್ಯಾಕ್ಟರು ಅಲ್ಲಿಗೂ ಬರುತ್ತದೆ. ಎದ್ದು ಅಣ್ಣನ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಅವನಿಗೆ ತಿಳಿಯಿತು.

"ನಂಗೊತ್ತಿಲ್ವೇನೇ? ನಾನೇ ಎತ್ಕೊಂಡು ಹೋಗಿದ್ದು, ನಾನೇ ಅಗೆದಿದ್ದು. ದಿನಾ ಆ ಕಡೆ ನೋಡ್ಕೊಂಡು ಅಮ್ಮ ಅಳ್ತಾಳೆ. ನೀನೂ ಶುರು ಮಾಡ್ತೀಯ. ಎಲ್ಲಾ ಹೋಗ್ಲಿ, ನೆಲ ಚಪ್ಪಟೆಯಾಗ್ಲಿ. ಆಗ ಮರೀತೀರ."

ಅವನ ಕಣ್ಣೂ ಕೆಂಪಾಗಿತ್ತು. ಜಗಳವಾಡಲು ಬಂದವಳಿಗೆ ಜಗಳ ಸಿಗಲಿಲ್ಲ. ಆದರೆ ಆ ಮೂಲೆಗೆ ನೇಗಿಲು ಬೀಳಲು ನಾನು ಬಿಡುವುದಿಲ್ಲ. ಹೇಗೆ ತಡೆಯುವುದೋ ಗೊತ್ತಿಲ್ಲ.

೨೭ ಡಿಸೆಂಬರ್, ಮಂಗಳವಾರ

ಪಕ್ಕದ ಮನೆ ಬೈರಮ್ಮ ಸಮಾಧಾನ ಹೇಳಲು ಬಂದಳು. ಆಕೆಯ ಸಮಾಧಾನ ತಡೆಯಲಾಗದೆ ಹಿತ್ತಿಲಿನಿಂದ ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗೊಬ್ಬೆಮ್ಮಗಳಿಗೆ ಬೂಷ್ಟು ಹಿಡಿದಿದೆ. ಮುಖ ತಿರುಗಿಸುವವಳಿದ್ದೆ, ಅಷ್ಟರಲ್ಲಿ ಕಿಟಕಿಯ ಬೆಳಕು ಒಂದು ಉಂಡೆಯ ಮೇಲೆ ಬಿತ್ತು. ಉಂಡೆಯ ತುಂಬ ಗಾಜಿನ ಕೂದಲು ನಿಂತಿತ್ತು. ಒಂದೊಂದು ಕೂದಲಿನ ತುದಿಗೂ ಒಂದು ನೀರ ಗುಳ್ಳೆ, ಗುಳ್ಳೆಯ ನೆತ್ತಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕರಿಯ ಟೋಪಿ. ಎಲ್ಲವೂ ಕಿಟಕಿಯ ಕಡೆಗೇ ಕತ್ತು ಬಾಗಿಸಿದ್ದವು. ಉಸಿರು ಬಿಡಲೂ ಭಯವಾಯಿತು.

ನನಗೆ ಇದರ ಹೆಸರು ಗೊತ್ತು. ಬಿಎಸ್ಸಿಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿ ಅಂಕ ತೆಗೆದುಕೊಂಡಿದ್ದೇನೆ. ಪೈಲೊಬೋಲಸ್, ಟೋಪಿ ಎಸೆಯುವ ಶಿಲೀಂಧ್ರ. ಹಳ್ಳಿಯಲ್ಲಿ ಹುಟ್ಟಿ, ಸಗಣಿ ಬಾಚಿ ಬೆಳೆದು, ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ.

ಕೂತು ನೋಡುತ್ತಲೇ ಇದ್ದೆ. ಹೊತ್ತು ಏರಿದಂತೆ ಟಪ್ ಅಂತ ಸಣ್ಣ ಸದ್ದು. ಒಂದು ಟೋಪಿ ಇರಲಿಲ್ಲ. ಮತ್ತೆ ಟಪ್. ಕಿಟಕಿಯ ಗಾಜಿನ ಮೇಲೆ, ಸುಣ್ಣದ ಗೋಡೆಯ ಮೇಲೆ ಕರಿ ಚುಕ್ಕೆಗಳು. ಅಮ್ಮ ಅದನ್ನು ನೊಣದ ಹೇಲು ಅಂದುಕೊಂಡು ಎರಡು ಸಲ ಒರೆಸಿದ್ದಾಳಂತೆ. ಕಣ್ಣಿಗೆ ಕಂಡೂ ಕಾಣದ ಈ ಜೀವ ತನ್ನ ಬೀಜವನ್ನು ಆಳುದ್ದ ದೂರ ಎಸೆಯುತ್ತದೆ. ಸಗಣಿಯಿಂದ ಆಚೆ, ಹುಲ್ಲಿನ ಮೇಲೆ ಬೀಳಬೇಕು. ಹಸು ಹುಲ್ಲು ಮೇಯಬೇಕು. ಹೊಟ್ಟೆಯೊಳಗೆ ಹಾದು ಮತ್ತೆ ಸಗಣಿಯಲ್ಲೇ ಕಣ್ಣು ಬಿಡಬೇಕು. ಯಾರು ಹೇಳಿಕೊಟ್ಟರು ಇದಕ್ಕೆ?

ಮಧ್ಯಾಹ್ನದ ಊಟ ತಣ್ಣಗಾಗಿತ್ತು ಅಂತ ಬೈಸಿಕೊಂಡೆ.

೨೯ ಡಿಸೆಂಬರ್, ಗುರುವಾರ

ನಿನ್ನೆ ಒಂದು ತಟ್ಟೆಗೆ ಕರಿ ಕಂಬಳಿ ಮುಚ್ಚಿ, ಕಂಬಳಿಯ ತೂತಿನ ಮೇಲೆ ಗಾಜಿನ ಚೂರು ಇಟ್ಟಿದ್ದೆ. ಅಷ್ಟೇ ಬೆಳಕು ಒಳಕ್ಕೆ. ಇವತ್ತು ತೆಗೆದು ನೋಡಿದರೆ ಟೋಪಿಗಳು ಹೆಚ್ಚು ಕಡಿಮೆ ಎಲ್ಲವೂ ಆ ಒಂದು ಗಾಜಿನ ಚೂರಿಗೇ ಅಂಟಿವೆ. ಕತ್ತಲಲ್ಲಿ ಕೂತು ಇಷ್ಟೇ ಇಷ್ಟು ಬೆಳಕನ್ನು ಹುಡುಕಿಕೊಂಡಿವೆ. ನನಗೆ ಅಳು ಬಂತು. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಅಮ್ಮನಿಗೆ ತೋರಿಸಿದೆ. ಆಕೆಗೆ ಟೋಪಿ ಕಾಣಲಿಲ್ಲ, ಬೂಷ್ಟು ಕಂಡಿತು. "ಅಯ್ಯೋ ರಾಮ. ಬೂಷ್ಟು ಹಿಡಿದ ಗೊಬ್ಬೆಮ್ಮನ ಮೇಲೆ ಸೂರ್ಯನಾರಾಯಣನಿಗೆ ಹೆಂಗೆ ಹಾಲು ಕಾಯ್ಸೋದು? ಈ ವರ್ಷ ಇನ್ನೂ ಏನೇನು ಕಾದೈತೋ."

ಪೋಸ್ಟಾಫೀಸಿನಿಂದ ಇವರು ಕೆಲಸ ಮಾಡುವ ಶಾಲೆಗೆ ಫೋನು ಮಾಡಿಸಿ, ನಮ್ಮ ಹೈಸ್ಕೂಲಿನ ಮೈಕ್ರೋಸ್ಕೋಪು ಬೇಕು ಅಂತ ಹೇಳಿ ಕಳಿಸಿದೆ.

೧ ಜನವರಿ ೧೯೮೪, ಭಾನುವಾರ

ತಂದರು. ಮೈಕ್ರೋಸ್ಕೋಪಿಗೆ ಧಕ್ಕೆಯಾಗದಿರಲೆಂದು ಬಿಳಿ ಟವೆಲಿನಲ್ಲಿ ಸುತ್ತಿ, ಮುಳಬಾಗಿಲಿನಿಂದ ಕೋಲಾರ, ಕೋಲಾರದಿಂದ ಇಲ್ಲಿ ತನಕ ತೊಡೆ ಮೇಲೆ ಇಟ್ಟುಕೊಂಡೇ ಬಂದಿದ್ದಾರೆ. ಕಾಫಿ ಕುಡಿಯುತ್ತ ಅಮ್ಮನಿಗೆ ಹೇಳುತ್ತಿದ್ದದ್ದು ಕೋಣೆಗೆ ಕೇಳಿಸಿತು.

"ಬಸ್ಸಲ್ಲಿ ಸೀಟಿರಲಿಲ್ಲ ಅತ್ತೆ. ಒಬ್ಬ ಹೆಂಗಸು, ಕೂಸಾ ಸ್ವಾಮಿ ಅಂದ್ರು. ಅಲ್ಲಮ್ಮ ಅಂದೆ. ಆದ್ರೂ ಎದ್ದು ಜಾಗ ಕೊಟ್ರು."

 ನಾನು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಬಾಗಿಲ ಹಿಂದೆ ನಿಂತು ಆ ಟವೆಲನ್ನು ನೋಡುತ್ತಿದ್ದೆ.

೫ ಜನವರಿ, ಗುರುವಾರ

ಗೊಬ್ಬೆಮ್ಮಗಳ ಮೇಲೆ ಸಂಸಾರ ಬದಲಾಗುತ್ತಿದೆ. ಟೋಪಿಯವರ ಸರದಿ ಮುಗಿಯಿತು. ಆಮೇಲೆ ಕಿತ್ತಳೆ ಬಣ್ಣದ ಬಟ್ಟಲುಗಳು ಬಂದವು, ಗುಂಡುಸೂಜಿಯ ತಲೆಯಷ್ಟು. ಹಳೆಯ ಉಂಡೆಗಳಲ್ಲಿ ಬೆಳಿಗ್ಗೆ ಸಣ್ಣ ಬೂದು ಛತ್ರಿಗಳು ಬಿಚ್ಚಿಕೊಂಡು ಸಂಜೆಗೆ ಮಸಿಯಾಗಿ ಕರಗುತ್ತವೆ. ಇನ್ನೂ ಹಳೆಯವುಗಳಲ್ಲಿ ಕಡು ಹಸುರಿನ ರೋಮದ ಚೆಂಡುಗಳು. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಪುಟ್ಟ ಹೂಜಿ, ಹೂಜಿಯ ಬಾಯಿ ಸುತ್ತ ಸುರುಳಿ ಸುರುಳಿ ಕೂದಲು. ಯಾವುದೋ ಕೂಸಿನ ತಲೆ ಥರ. ಬರೆದ ಮೇಲೆ ಕೈ ನಿಂತಿತು. ಇರಲಿ, ಹೊಡೆದು ಹಾಕುವುದಿಲ್ಲ.

ಇಷ್ಟೊಂದು ಜನ ನಮ್ಮ ಬಾಗಿಲಿನಲ್ಲೇ ಬಾಳುವೆ ಮಾಡುತ್ತಿದ್ದರು, ನಮಗೆ ಪರಿಚಯವೇ ಇರಲಿಲ್ಲ.

೯ ಜನವರಿ, ಸೋಮವಾರ

ಮಳೆ ಬಿಟ್ಟಿದೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಅಣ್ಣನ ಚಪ್ಪಲಿ. ಹೆರಿಗೆಯಾದ ಮೇಲೆ ಮೊದಲ ಸಲ ತೋಟಕ್ಕೆ ಹೋದೆ. ಅಮ್ಮ ಬೇಡ ಬೇಡ ಅನ್ನುತ್ತ ಹಿಂದೆಯೇ ಬಂದಳು.

ತೋಟದ ತುಂಬ ಬೋಳು ಕಡ್ಡಿ. ಈಶಾನ್ಯ ಮೂಲೆಯೊಂದು ಮಾತ್ರ ಹಸುರು. ಬೇಲಿಯ ಒತ್ತಿಗೆ ನಾಲ್ಕೈದು ಗಿಡ, ಅಂಗೈ ಅಗಲದ ಎಲೆ. ಅವುಗಳ ನಡುವೆ ಒಂದು ಕಲ್ಲು. ಹೋಗಿ ಕೂತೆ. ಏನು ಮಾತಾಡಿದೆ ಅಂತ ಬರೆಯುವುದಿಲ್ಲ.

ಏಳುವಾಗ ಕಂಡಿತು. ಗಿಡಗಳ ಬುಡದಲ್ಲಿ ಸಗಣಿ ಉಂಡೆಗಳು. ಮೇಲಿನವು ಈ ತಿಂಗಳವು. ಕೆರೆದರೆ ಅದರ ಕೆಳಗೆ ಹಳೆಯವು, ಅದರ ಕೆಳಗೆ ಇನ್ನೂ ಹಳೆಯವು, ಮಣ್ಣೇ ಆಗಿಹೋದವು.

"ಕೆಟ್ಟ ಗೊಬ್ಬೆಮ್ಮಗಳನ್ನ ಇಲ್ಲೇ ಹಾಕ್ತಿದ್ಯಾ ಅಮ್ಮ?"

"ಮದುವೆಯಾಗಿ ಬಂದಾಗ್ನಿಂದ. ಪೂಜೆ ಮಾಡಿದ್ದು ಕಾಲಿಗೆ ಸಿಗಬಾರದು ಅಂತ ನಿಮ್ಮಜ್ಜಿ ಈ ಮೂಲೆ ತೋರಿಸಿದ್ಲು. ಯಾರೂ ತುಳಿಯದ ಜಾಗ ಅಂತ್ಲೇ ಕೂಸನ್ನೂ ಇಲ್ಲೇ..."

ಕಲ್ಲಿನಿಂದ ದೂರದ ಗಿಡದ ಒಂದೆಳೆ ಬೇರು, ಒಣಗಿದ ಸಾಲಿನ ಒಂದೆಳೆ ಬೇರು, ಎರಡನ್ನೂ ಎಲೆಯಲ್ಲಿ ಸುತ್ತಿಕೊಂಡು ಬಂದೆ. ಒಣಗಿದ ಗಿಡದ್ದು ಕಪ್ಪು, ಮುಟ್ಟಿದರೆ ತೊಗಟೆ ಕೈಗೆ ಬರುತ್ತದೆ. ಮೂಲೆಯದು ಬೆಳ್ಳಗಿದೆ. ಅದರ ಮೈ ಸುತ್ತ ಸಣ್ಣ ಎಳೆಗಳು ಹಬ್ಬಿವೆ. ಎಳೆಯ ಗುಂಟ ಹೋದರೆ ಅಲ್ಲಿ ಅದೇ ಸುರುಳಿ ಕೂದಲಿನ ಹೂಜಿ, ಗೊಬ್ಬೆಮ್ಮನ ಮೇಲೆ ಕಂಡದ್ದೇ. ಬ್ಲೇಡಿನಲ್ಲಿ ಬೇರನ್ನು ತೆಳ್ಳಗೆ ಕೊಯ್ದೆ. ಸುಮಾರು ತುಂಡು ದಪ್ಪವಾಗಿ ಹಾಳಾದವು. ಕೊನೆಗೊಂದು ಸರಿಯಾಗಿ ಬಂತು. ಎಳೆಗಳು ಬೇರಿನ ಹೊರಸುತ್ತಿನ ಕೋಶಗಳ ಸಂದಿಯೊಳಗೆ ಹೋಗಿ ಅಲ್ಲಿಗೇ ನಿಂತಿವೆ. ಕೋಶಗಳು ಒಡೆದಿಲ್ಲ, ಕಪ್ಪಾಗಿಲ್ಲ. ನಡುಮನೆಗೆ ನುಗ್ಗದೆ ಜಗುಲಿಯಲ್ಲಿ ಕೂತ ನೆಂಟರಂತೆ ಇವೆ.

ಸಗಣಿಯಲ್ಲಿ ಹುಟ್ಟಿದ್ದು ಬೇರಿನ ಜೊತೆ ಒಕ್ಕಲು ಮಾಡಿದೆ. ಕೊಳೆ ರೋಗವನ್ನು ಹತ್ತಿರ ಬಿಡದೆ ಇರುವುದು ಇದೇನಾ? ನನ್ನ ಹತ್ತಿರ ಆಧಾರವಿಲ್ಲ. ಆದರೆ ಇದನ್ನು ನೋಡಿದ ಮೇಲೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಕಣ್ಣು ನೋಯುವಷ್ಟು ನೋಡಿದೆ.

೧೦ ಜನವರಿ, ಮಂಗಳವಾರ

ಬೈರಮ್ಮ ಬೇಲಿಯಾಚೆಯಿಂದ ಅಮ್ಮನಿಗೆ ಹೇಳಿದಳು. "ಅಲ್ಲಿ ಕೂಸು ಮಲಗೈತಲ್ಲ ಅಶ್ವತ್ಥಮ್ಮಕ್ಕ, ಅದಕ್ಕೇ ಗಿಡ ಹಸುರಾಗೈತೆ."

ಬರೆಯಲಾರೆ.

೧೨ ಜನವರಿ, ಗುರುವಾರ

ಬೈರಮ್ಮ ಕೆಟ್ಟವಳಲ್ಲ. ಲೆಕ್ಕದಲ್ಲಿ ತಪ್ಪಿದ್ದಾಳೆ, ಗಿಡ ಮಗುವಿಗಿಂತ ಮೊದಲಿನಿಂದಲೂ ಹಸುರು. ಆದರೆ ಪೂರ್ತಿ ಸುಳ್ಳೂ ಹೇಳಿಲ್ಲ. ಮುಂದೆ ಒಂದು ದಿನ ಅದು ನಿಜವಾಗುತ್ತದೆ. ಆ ಎಳೆಗಳಿಗೆ ಇದು ಸಗಣಿ, ಇದು ಬೇರು, ಇದು ಅನಸೂಯನ ಮಗಳು ಅನ್ನುವ ಭೇದವಿಲ್ಲ. ಅದನ್ನೇ ನೆನೆದು ಎರಡು ದಿನ ಅನ್ನ ಸೇರಲಿಲ್ಲ.

ಇವತ್ತು ಮತ್ತೆ ಆ ಬೇರನ್ನು ನೋಡಿದೆ. ಎಷ್ಟು ಮೆತ್ತಗೆ ಹಿಡಿದಿವೆ. ನಾನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಕೊಟ್ಟರು, ಅಣ್ಣ ಎತ್ತಿಕೊಂಡು ಬಂದ, ಮಣ್ಣು ಮುಚ್ಚಿದ. ಅವಳು ಅಲ್ಲಿ ಒಬ್ಬಳೇ ಇದ್ದಾಳೆ ಅನ್ನುವುದೇ ನನ್ನನ್ನು ತಿನ್ನುತ್ತಿತ್ತು. ಒಬ್ಬಳೇ ಇಲ್ಲ. ಅಲ್ಲಿ ಯಾರೂ ಒಬ್ಬರೇ ಇರಲು ಸಾಧ್ಯವೇ ಇಲ್ಲ.

ಸಾಯಂಕಾಲ ಅಣ್ಣನನ್ನು ಕೈ ಹಿಡಿದು ಎಳೆದುಕೊಂಡು ಬಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಮೊದಲು ತನ್ನ ರೆಪ್ಪೆಯನ್ನೇ ನೋಡಿ "ಏನೋ ಕಪ್ಪಗೈತೆ" ಅಂದ. ಆಮೇಲೆ ಸರಿಯಾಗಿ ಬಗ್ಗಿದ.

"ಇದು ನಮ್ಮ ತೋಟದ್ದೇನಾ?"

"ಅವಳು ಇರೋ ಮೂಲೇದು."

ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಟ್ರ್ಯಾಕ್ಟರಿನೋನಿಗೆ ಹೇಳಿಬಿಟ್ಟಿದೀನಿ ಕಣೇ," ಅಂದ.

"ರಥಸಪ್ತಮಿವರೆಗೂ ತಡಿ ಅಣ್ಣ. ಒಣಗಿದ್ದು ಕಿತ್ತು ಹಾಕು. ಇನ್ನೂ ಜೀವ ಇರೋದನ್ನ ಬುಡಕ್ಕೆ ಕತ್ತರಿಸು. ನಾನು ಗೊಬ್ಬೆಮ್ಮಗಳನ್ನ ಬೇರಿಗೆ ಕೊಡ್ತೀನಿ. ಚಿಗುರದಿದ್ರೆ ನಿನ್ನಿಷ್ಟ."

"ಆಮೇಲೆ ಅಳಬಾರದು," ಅಂದ.

೧೬ ಜನವರಿ, ಸೋಮವಾರ

ಹಬ್ಬ ಕಳೆಯಿತು. ಅಣ್ಣನದೇನೋ ಒಪ್ಪಿಗೆಯಾಯಿತು, ಅಮ್ಮನದು ಆಗಿರಲಿಲ್ಲ. ಗೊಬ್ಬೆಮ್ಮಗಳು ಅವಳವು. ಸೂರ್ಯನಿಗೆ ಮೀಸಲಾದದ್ದನ್ನು ಮಣ್ಣಿಗೆ ಹಾಕಿದರೆ ಹಾಲು ಉಕ್ಕಿಸಲು ಏನು ಉರಿಸುವುದು? ನಾಯನ ಸತ್ತ ವರ್ಷವೊಂದು ಬಿಟ್ಟರೆ ಅವಳು ತಪ್ಪಿಸಿದ್ದೇ ಇಲ್ಲ. ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. ಮೈಕ್ರೋಸ್ಕೋಪು ತೋರಿಸಿದೆ. ಅಮ್ಮನಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಬರುವುದಿಲ್ಲ. ನಾನೇ ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿ ಹಿಡಿದೆ.

ನೋಡಿದಳು. ಎದ್ದು ಹೋದಳು. ಆಯಿತು, ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹುಳದ ಮನೆಯಲ್ಲಿ ಸದ್ದು. ಅಮ್ಮ ಗೊಬ್ಬೆಮ್ಮಗಳನ್ನು ಒಂದೊಂದಾಗಿ ಮೊರಕ್ಕೆ ಇಡುತ್ತಿದ್ದಳು.

"ಬಿಸಿಲೇರಿದ್ರೆ ಒಣಗಿಬಿಡ್ತಾವೆ, ಬಾ. ಪೋನೀ, ಹೋಗ್ಲಿ ಬಿಡು, ಸೂರ್ಯನಾರಾಯಣ ಬೇರಿಗೂ ಬೇಕಾದೋನೇ."

ಕತ್ತರಿಸಿದ ಬುಡಗಳಿಗೆ ಮಣ್ಣು ಕೆದರಿ, ಬೇರು ಕಾಣುವಂತೆ ಮಾಡಿ, ಒಂದೊಂದಕ್ಕೂ ಒಂದೊಂದು ಇಟ್ಟು ಮಣ್ಣು ಎಳೆದೆವು. ಸಾಲದಾದಾಗ ಮೂಲೆಯ ಹಳೆಯ ಮಣ್ಣನ್ನೂ ಹಿಡಿ ಹಿಡಿ ಹಂಚಿದೆವು. ಸೊಂಟ ಬಿದ್ದುಹೋಗಿದೆ. ಉಗುರಿನೊಳಗೆಲ್ಲ ಸಗಣಿ. ಹಾಗೇ ಮೂರು ಮುದ್ದೆ ತಿಂದೆ.

೨೨ ಜನವರಿ, ಭಾನುವಾರ

ಇವರು ಬಂದರು. ಸೀದಾ ತೋಟಕ್ಕೆ ಕರೆದುಕೊಂಡು ಹೋಗಿ ಬುಡ ಬುಡವೂ ತೋರಿಸಿದೆ. ಇನ್ನೂ ಏನೂ ಚಿಗುರಿಲ್ಲ. ಆದರೂ ಅಗೆದು ಅಗೆದು ಬಿಳಿ ಎಳೆ ತೋರಿಸಿದೆ. ಮೂಲೆಯಲ್ಲಿ ಇಬ್ಬರೂ ಕೂತೆವು. ಇವರು ಮೊದಲ ಸಲ ನನ್ನ ಮುಂದೆ ಅತ್ತರು. ನಾನೇ ಸಮಾಧಾನ ಮಾಡಿದೆ.

ಹೊರಡುವಾಗ ಯಾವಾಗ ಬರ್ತೀಯ ಅಂತ ಕೇಳಲಿಲ್ಲ. ಕೇಳುತ್ತಾರೆ ಅಂತ ಬಸ್‌ಸ್ಟಾಪಿನವರೆಗೂ ಹೋಗಿದ್ದೆ.

೯ ಫೆಬ್ರವರಿ, ಗುರುವಾರ. ರಥಸಪ್ತಮಿ

ಸೂರ್ಯ ಹುಟ್ಟುವ ಮೊದಲೇ ಅಣ್ಣ ತೋಟಕ್ಕೆ ಹೋಗಿದ್ದ. ನಾನು ಕಿಟಕಿಯಲ್ಲಿ ಕಾದೆ.  ಬೇಲಿ ದಾಟಿ ಬಂದವನು ಅಂಗಳದಲ್ಲಿ ನಿಂತು, "ಕೆಳಗಿನ ಮೂರು ಸಾಲು ಹೋಯ್ತು" ಅಂದ. ಚಪ್ಪಲಿಯ ಮಣ್ಣು ಕೊಡವಿದ. "ಮಿಕ್ಕಿದ್ದು ಬಂದೈತೆ. ಬಾವಿ ಕಡೆಯಿಂದ ಚಿಗುರು ಹೊಡ್ಕೊಂಡು ಬಂದೈತೆ. ಟ್ರ್ಯಾಕ್ಟರಿನೋನಿಗೆ ಬೇಡ ಅಂತ ಹೇಳಿ ಬರ್ತೀನಿ."

ಓಡಿದೆ. ಬುಡಗಳ ಕಣ್ಣು ಕಣ್ಣಿನಲ್ಲೂ ಎಳೆ ಹಸುರು. ಇದನ್ನು ಮಾಡಿದ್ದು ಎಳೆಗಳೋ, ಬಿಟ್ಟ ಮಳೆಯೋ, ಕತ್ತರಿಸಿದ್ದೋ, ಹೇಳಲಾರೆ. ನೋಡುತ್ತ ನಿಂತಾಗ ಮೈಯೆಲ್ಲ ಜುಮ್ಮೆಂದಿತು.

ಅಂಗಳದಲ್ಲಿ ಅಮ್ಮ ಅವರೆಕಾಯಿಯಿಂದ ಪುಟ್ಟ ರಥ ಮಾಡಿಟ್ಟು, ತುಳಸಿಕಟ್ಟೆ ಮುಂದೆ ಒಲೆ ಹೂಡಿದಳು. ಗೊಬ್ಬೆಮ್ಮಗಳ ಬದಲು ಕಿತ್ತು ಹಾಕಿದ ಹಿಪ್ಪುನೇರಳೆ ಕಡ್ಡಿ. ಚೆನ್ನಾಗಿ ಉರಿಯಿತು. ಹಾಲು ಉಕ್ಕುವಾಗ ಪಾತ್ರೆಗೆ ಮೊದಲ ಹಿಡಿ ಅಕ್ಕಿ ಹಾಕು ಅಂತ ನನ್ನ ಕೈಗೇ ಕೊಟ್ಟಳು. ಪೂರ್ವಕ್ಕೇ ಉಕ್ಕಿತು. ಪೊಂಗಲಿಗೆ ಬೆಲ್ಲ ಜಾಸ್ತಿಯಾಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ. ಅಣ್ಣ ತಮಾಷೆ ಮಾಡಿದ, ನಾನೂ ಅವನ ಹೊಟ್ಟೆಯನ್ನು ಆಡಿಕೊಂಡೆ.

ಎಂಟನೇ ಕ್ಲಾಸಿಗೆ ಶಿಲೀಂಧ್ರದ ಪಾಠ ಇನ್ನೂ ಆಗಿಲ್ಲವಂತೆ. ಗಣಿತದ ಮೇಷ್ಟ್ರು ಅದನ್ನು ಮುಟ್ಟದಿದ್ದರೆ ಸಾಕು.

೧೨ ಫೆಬ್ರವರಿ, ಭಾನುವಾರ. ಮುಳಬಾಗಿಲು

ಬಂದೆ. ಬ್ಯಾಗು, ಮೈಕ್ರೋಸ್ಕೋಪು ಇವರ ಹತ್ತಿರ. ನನ್ನ ತೊಡೆಯ ಮೇಲೆ, ಅದೇ ಬಿಳಿ ಟವೆಲನ್ನು ಒದ್ದೆ ಮಾಡಿ ಸುತ್ತಿದ ಒಂದು ಹೊಸ ಉಂಡೆ, ಹುಳದ ಮನೆಯಲ್ಲಿ ಶಾಲೆಯ ಮಕ್ಕಳಿಗೆ ತೋರಿಸಲೆಂದು ನಾನೇ ಬೆಳೆಸಿದ್ದು. ಕೋಲಾರದಲ್ಲಿ ಬಸ್ಸು ತುಂಬಿತ್ತು. ನಾನು ಟವೆಲನ್ನು ಎದೆಗೆ ಒತ್ತಿಕೊಂಡು ಹತ್ತಿದೆ. ಕಿಟಕಿ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಜರುಗಿ ಜಾಗ ಮಾಡಿಕೊಟ್ಟರು.

"ಕೂಸಾ ಅಮ್ಮಯ್ಯ?"

ಹಿಂದೆ ನಿಂತಿದ್ದ ಇವರ ಕೈ ಸೀಟಿನ ಕಂಬಿಯ ಮೇಲೆ ಬಿಗಿಯಾದದ್ದು ನನಗೆ ಕಂಡಿತು.

"ಅಲ್ಲಜ್ಜಿ, ಸಗಣಿ. ನೋಡ್ತೀರಾ?" ಅಂದೆ. ಟವೆಲಿನ ಅಂಚು ಬಿಡಿಸಿದೆ.

ಅಜ್ಜಿ ಮೂಗು ಮುಚ್ಚಿಕೊಳ್ಳುವುದಕ್ಕೆ ಸೆರಗು ಎತ್ತಿದರು, ಹಾಗೇ ಬಗ್ಗಿದರು. ಕಿಟಕಿಯ ಬಿಸಿಲು ಬಿದ್ದಿತ್ತು. ಗಾಜಿನ ಕತ್ತುಗಳೆಲ್ಲ ಆ ಕಡೆಗೇ ತಿರುಗಿದ್ದವು.

"ಅಯ್ಯೋ, ತಲೆ ಎತ್ತಿ ನೋಡ್ತಾವಲ್ಲ ತಾಯಿ. ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ ಇವನ್ನೆಲ್ಲ?"

"ಮನೆಗೆ," ಅಂದೆ.